ಎಲೆ ನೋಡದವನ ಎದುರು

ಎಲೆ ನೋಡಿ ಆಡುವವನು ಎಲೆ ನೋಡದೆ ಆಡುವವನಿಗೆ ಹೆದರುವುದು ಯಾಕೆ? ಕೇಳಿದರೆ ಯಾರಾದರೂ ನಕ್ಕಾರು. ಆದರೆ ಹೊಸತೊಡಕಿನ ಮಧ್ಯಾಹ್ನ ಮೈಸೂರಿನ ತಾರಸಿಗಳ ಮೇಲೆ, ಹಿತ್ತಿಲಿನ ಶೀಟಿನ ನೆರಳಲ್ಲಿ ಚಾಪೆ ಹಾಸಿ ಮೂರೆಲೆಗೆ ಕೂತವರನ್ನು ಗಮನಿಸಿ. ಕೈಯಲ್ಲಿ ಹತ್ತರ ಜೋಡಿ ಹಿಡಿದವನು ಬೆವರುತ್ತಿರುತ್ತಾನೆ. ಎದುರಿನವನು ತನ್ನ ಮೂರು ಎಲೆಗಳನ್ನು ಮುಟ್ಟಿಯೂ ಇಲ್ಲ. ಬೋರಲು ಬಿದ್ದ ಎಲೆಗಳ ಮೇಲೆ ಮೊಬೈಲ್ ಇಟ್ಟು, ಇನ್ನೊಂದು ಹಿಡಿ ಹುಣಸೆ ಬೀಜ ಮಧ್ಯಕ್ಕೆ ತಳ್ಳುತ್ತಾನೆ. ಒಂದು ಸುತ್ತು, ಎರಡು ಸುತ್ತು. ಐದನೆಯ ಸುತ್ತಿಗೆ ಹತ್ತರ ಜೋಡಿಯವನು “ಹೋಗ್ಲಿ ಬಿಡಿ, ಪ್ಯಾಕ್” ಎಂದು ಎಲೆ ಎಸೆಯುತ್ತಾನೆ. ಆಮೇಲೆ ಯಾರೋ ತಡೆಯಲಾರದೆ ಎದುರಿನವನ ಎಲೆ ತಿರುವಿ ನೋಡಿದರೆ ಎಂಟು, ಐದು, ಎರಡು.

ಬೇವುಬೆಲ್ಲ, ಒಬ್ಬಟ್ಟಿನ ಯುಗಾದಿಯ ಮಾರನೆಯ ದಿನ ಹೊಸತೊಡಕು. ಮೈಸೂರು, ಮಂಡ್ಯ, ಚಾಮರಾಜನಗರ, ರಾಮನಗರದ ಕಡೆ ಆ ದಿನ ಬಾಡೂಟ ಎಷ್ಟು ಕಡ್ಡಾಯವೋ ಊಟದ ನಂತರದ ಇಸ್ಪೀಟೂ ಅಷ್ಟೇ ಕಡ್ಡಾಯ ಎಂದು ನಂಬಿದ ಮನೆಗಳು ಬಹಳ. ಜೂಜಾಡಿದರೆ ಕ್ರಮ ಎಂದು ಪೊಲೀಸರು ಹಬ್ಬಕ್ಕೆ ಮುಂಚೆ ಎಚ್ಚರಿಸುವುದೂ ಈಗೀಗ ಹಬ್ಬದ ಆಚರಣೆಗಳಲ್ಲಿ ಒಂದಾಗಿದೆ. ಇಂಥ ಪ್ರತಿ ಕೂಟದಲ್ಲೂ ಬ್ಲೈಂಡ್ (ಎಲೆ ನೋಡದ ಆಟ) ಬಿಟ್ಟು ಬೇರೆ ಆಡದವನೊಬ್ಬ ಇರುತ್ತಾನೆ. ಸಾಮಾನ್ಯವಾಗಿ ಯಾರದೋ ಭಾವ. ಇಲ್ಲವೇ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಚಿಕ್ಕಪ್ಪ.

“ಒಂದ್ಸಲ ಎಲೆ ನೋಡ್ಬಿಡಿ ಭಾವ.”

“ನೋಡಕ್ಕೇನೈತೆ ಅದ್ರಲ್ಲಿ? ನೀನು ಹಾಕ್ತೀಯೋ, ಬಿಡ್ತೀಯೋ?”

ಪೋಕರ್ ಆಡುವವರು ಇಂಥವನನ್ನು ಮೇನಿಯಾಕ್ ಅನ್ನುತ್ತಾರೆ. ಅಲ್ಲಿ ಅವನು ಎಲೆ ನೋಡಿಯೇ ಆಡುತ್ತಾನೆ, ಆದರೆ ನೋಡಿದ್ದಕ್ಕೂ ಆಡಿದ್ದಕ್ಕೂ ಸಂಬಂಧವಿರುವುದಿಲ್ಲ. ಬಂದದ್ದಕ್ಕೆಲ್ಲ ಏರಿಸುತ್ತಾನೆ, ಏರಿಸಿದ್ದರ ಮೇಲೆ ಮತ್ತೆ ಏರಿಸುತ್ತಾನೆ. ಅವನನ್ನು ಎದುರಿಸುವುದು ಹೇಗೆಂದು ಪೋಕರ್ ಪುಸ್ತಕಗಳಲ್ಲಿ ಅಧ್ಯಾಯಗಳೇ ಇವೆ. ಆ ಅಧ್ಯಾಯಗಳ ತಿರುಳು ಮಾತ್ರ ನಮ್ಮ ಚಾಪೆಯ ಮೇಲೇ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ವಾದ. ಯಾಕೆಂದರೆ ಪೋಕರಿನ ಮೇನಿಯಾಕ್ ಎಷ್ಟು ಹುಚ್ಚನೆಂದು ಊಹಿಸಬೇಕು. ಬ್ಲೈಂಡ್ ಭಾವನ ವಿಷಯದಲ್ಲಿ ಊಹೆಯೇ ಬೇಡ. ಅವನ ಎಲೆ ಅವನಿಗೂ ಗೊತ್ತಿಲ್ಲ. ಅದನ್ನು ಪೂರ್ತಿ ಲೆಕ್ಕ ಹಾಕಬಹುದು.

ಹುಣಸೆ ಬೀಜದ ಲೆಕ್ಕ

52 ಎಲೆಯ ಕಟ್ಟಿನಿಂದ ಮೂರು ಎಲೆ ಬರುವ ಬಗೆಗಳು ಒಟ್ಟು 22,100. ಇದರಲ್ಲಿ ಟ್ರಯಲ್ (ಮೂರೂ ಒಂದೇ ಅಂಕಿ) 52, ಪ್ಯೂರ್ ಸೀಕ್ವೆನ್ಸ್ (ಒಂದೇ ಬಣ್ಣದ ಸಾಲು) 48, ಬರೀ ಸೀಕ್ವೆನ್ಸ್ 720, ಕಲರ್ (ಮೂರೂ ಒಂದೇ ಬಣ್ಣ) 1,096, ಜೋಡಿ 3,744. ಇವೆಲ್ಲ ಕಳೆದು ಉಳಿಯುವುದು 16,440. ಅಂದರೆ ಹಂಚಿದ ನಾಲ್ಕು ಕೈಗಳಲ್ಲಿ ಮೂರು ಕೈ ಏನೂ ಅಲ್ಲದ ಕೈ. ದೊಡ್ಡ ಎಲೆ ಯಾವುದೆಂದು ನೋಡಿ ತೀರ್ಮಾನಿಸಬೇಕಾದದ್ದು. ಜೋಡಿ ಬರದವನು ತನಗೆ ಗ್ರಹಚಾರ ಎಂದುಕೊಳ್ಳುತ್ತಾನೆ. ಅದು ಗ್ರಹಚಾರವಲ್ಲ, ಆಟದ ಸ್ವಭಾವ.

ಹಾಗಾದರೆ ಎಲೆ ನೋಡದವನ ಕೈಯನ್ನು ಎರಡಕ್ಕೊಂದು ಸಲ ಸೋಲಿಸಲು ಎಂಥ ಕೈ ಬೇಕು? ಕೇಳಿದವರಲ್ಲಿ ಹೆಚ್ಚಿನವರು ಸಣ್ಣದಾದರೂ ಒಂದು ಜೋಡಿ ಬೇಕು ಅನ್ನುತ್ತಾರೆ. ಧೈರ್ಯಸ್ಥರು ಎಕ್ಕ ಅನ್ನುತ್ತಾರೆ. ಪೆನ್ನು ಹಿಡಿದು ಕೂಡಿಸಿ ನೋಡಿ. ರಾಣಿ ಅಥವಾ ಅದಕ್ಕಿಂತ ಕೆಳಗಿನ ಎಲೆಯೇ ದೊಡ್ಡದಾಗಿರುವ ಕೈಗಳು 9,360. ರಾಜ ದೊಡ್ಡದಾಗಿರುವವು 3,240. ಸರಿಯಾಗಿ ಮಧ್ಯದ ಕೈ, ಅಂದರೆ 11,050ನೆಯದು, ಬೀಳುವುದು ರಾಜ ಮತ್ತು ಹತ್ತು ಇರುವ ಕೈಯ ಹತ್ತಿರ. ರಾಜ, ಹತ್ತು, ಜೊತೆಗೊಂದು ಚಿಲ್ಲರೆ ಎಲೆ: ಯಾವ ಚಾಪೆಯ ಮೇಲೂ ಕ್ಷಣಮಾತ್ರ ಯೋಚಿಸದೆ ಎಸೆಯುವ ಕೈ ಇದು. ಎಲೆ ನೋಡದವನ ಎದುರು ಇದು ಸಮಬಲದ ಕೈ. ಮೊದಲ ಪ್ಯಾರಾದಲ್ಲಿ ಬೆವರುತ್ತಿದ್ದವನ ಹತ್ತರ ಜೋಡಿ ಎಲೆ ನೋಡದವನ ಕೈಯನ್ನು 100ಕ್ಕೆ 84ಕ್ಕಿಂತ ಹೆಚ್ಚು ಸಲ ಸೋಲಿಸುತ್ತದೆ. ಅವನು ಎಸೆದದ್ದು ಅದನ್ನು.

ಹಾಗೆಂದು ರಾಜ-ಹತ್ತು ಬಂದ ಕೂಡಲೇ ಭಾವನ ಬೆನ್ನು ಹತ್ತುವ ಹಾಗಿಲ್ಲ. ಮೂರೆಲೆಯ ಚಾಣಾಕ್ಷತನ ಇರುವುದು ಅದರ ದರದಲ್ಲಿ. ಬ್ಲೈಂಡ್ ಆಡುವವನು ಒಂದು ಬೀಜ ಹಾಕಿದರೆ ಎಲೆ ನೋಡಿದವನು ಎರಡು ಹಾಕಬೇಕು. ಅನೇಕ ಮನೆಗಳ ನಿಯಮದಲ್ಲಿ ಎಲೆ ನೋಡಿದವನು ಬ್ಲೈಂಡ್ ಇರುವವನನ್ನು ಶೋ (ಎಲೆ ತೋರಿಸು) ಎಂದು ಕೇಳುವಂತೆಯೂ ಇಲ್ಲ. ಅವನಾಗಿ ಕೇಳುವವರೆಗೆ ಅಥವಾ ಎಲೆ ಎತ್ತುವವರೆಗೆ ದುಪ್ಪಟ್ಟು ತೆರುತ್ತಲೇ ಇರಬೇಕು. ಕುರುಡುತನಕ್ಕೆ ರಿಯಾಯಿತಿ, ಕಣ್ಣಿಗೆ ತೆರಿಗೆ. ಈ ನಿಯಮ ಕಂಡುಹಿಡಿದವನು ಯಾರೋ, ಮನುಷ್ಯರನ್ನು ಚೆನ್ನಾಗಿ ಅರಿತವನು.

ಮಧ್ಯದಲ್ಲಿ ಈಗಾಗಲೇ ಹತ್ತು ಬೀಜ ಬಿದ್ದಿವೆ, ಉಳಿದವರು ಇಬ್ಬರೇ ಎಂದಿಟ್ಟುಕೊಳ್ಳಿ. ಇನ್ನು ಐದು ಸುತ್ತಿಗೆ ಆಟ ಮುಗಿದರೆ ನೀವು ಹಾಕಿದ್ದು ಹತ್ತು, ಅವನು ಐದು, ಒಟ್ಟು ರಾಶಿ 25. ನೀವು 100ಕ್ಕೆ 40 ಸಲ ಗೆದ್ದರೂ ಹಾಕಿದ್ದು ವಾಪಸ್. ಹತ್ತು ಸುತ್ತು ನಡೆದರೆ 50 ಸಲ ಗೆಲ್ಲಬೇಕು. ಅಲ್ಲಿಗೆ ರಾಜ-ಹತ್ತು ತಕ್ಕಡಿಯ ನಡುಮುಳ್ಳಿಗೆ ಬಂದು ನಿಂತಿತು. ಇಪ್ಪತ್ತು ಸುತ್ತಾದರೆ 57. ಆಟ ಎಷ್ಟೇ ಎಳೆದರೂ ಈ ಸಂಖ್ಯೆ ಮೂರರಲ್ಲಿ ಎರಡು ಪಾಲನ್ನು ದಾಟುವುದಿಲ್ಲ. ನೋಡದ ಕೈಯನ್ನು ಮೂರಕ್ಕೆ ಎರಡು ಸಲ ಸೋಲಿಸುವ ಕೈ ಯಾವುದು? ಮತ್ತೆ ಕೂಡಿಸಿದರೆ ಸಿಗುವುದು ಎಕ್ಕ ಮತ್ತು ಗುಲಾಮ. ಹಾಗಾಗಿ ಎಕ್ಕ-ಗುಲಾಮ ಇದ್ದರೆ ಭಾವ ಸಂಜೆ ದೀಪ ಹಚ್ಚುವವರೆಗೆ ಬೀಜ ತಳ್ಳಿದರೂ ನಿಮಗೆ ನಷ್ಟವಿಲ್ಲ; ರಾಜ-ಹತ್ತು ಇದ್ದರೆ ಅವನು ಬೇಗ ಬೇಸರಪಡುವ ಜಾತಿಯೇ ಅಲ್ಲವೇ ಎಂದು ನೋಡಿಕೊಳ್ಳಬೇಕು. ಸಣ್ಣದೊಂದು ಜೋಡಿ ಇದ್ದವನಿಗಂತೂ ಎಸೆಯಲು ಕಾರಣವೇ ಇಲ್ಲ.

ಆಕ್ರಮಣಕಾರಿ ಆಟಗಾರನ ಎದುರು ಬದಲಾಗಬೇಕಾದದ್ದು ಈ ಗೆರೆ: ಎಲ್ಲಿಂದ ಮೇಲಿನ ಕೈ ಆಡುವ ಕೈ, ಎಲ್ಲಿಂದ ಕೆಳಗಿನದು ಎಸೆಯುವ ಕೈ ಎಂಬ ಗೆರೆ. ಎದುರಿನವನು ಎಷ್ಟು ಸಡಿಲವೋ ಗೆರೆ ಅಷ್ಟು ಕೆಳಗಿಳಿಯುತ್ತದೆ. ನಾವು ಬದಲಿಸುವುದು ಮಾತ್ರ ಗೆರೆಯನ್ನಲ್ಲ, ಮುಖಭಾವವನ್ನು.

ಅಂಜುವವನು, ರೇಗುವವನು

ಮೈಸೂರಿನ ಕೂಟಗಳಲ್ಲಿ ಕಂಡ ತಪ್ಪುಗಳು ಎರಡೇ ಬಗೆ. ಮೊದಲನೆಯವನು ಅಂಜುತ್ತಾನೆ. ‘ಇವನ ಜೊತೆ ಯಾಕೆ, ಒಳ್ಳೇ ಕೈ ಬಂದಾಗ ನೋಡಿಕೊಳ್ಳೋಣ’ ಎಂದು ಕಾಯುತ್ತಾನೆ. ಪೋಕರಿನಲ್ಲಿ ಈ ಕಾಯುವಿಕೆಯ ಖರ್ಚನ್ನು ಸುಲಭವಾಗಿ ಅಳೆಯಬಹುದು. ಅಲ್ಲಿ ಕೈಗೆ ಎರಡು ಎಲೆ. ಎಕ್ಕದ ಜೋಡಿ ಬರುವುದು ಸರಾಸರಿ 221 ಕೈಗೊಮ್ಮೆ. ಮೇಜಿನ ಸುತ್ತ ಕೂತು ಆಡಿದರೆ ಗಂಟೆಗೆ ಮೂವತ್ತು ಕೈ ಮುಗಿಯುವುದೇ ಹೆಚ್ಚು. ಎಕ್ಕದ ಜೋಡಿಗೆ ಕಾದವನು ಬೆಳಗಿನ ಕಾಫಿಯಿಂದ ಸಂಜೆಯ ಕಾಫಿಯವರೆಗೆ ಕಾಯಬೇಕು. ಅಷ್ಟರಲ್ಲಿ ಸುತ್ತು ಸುತ್ತಿಗೂ ಕಟ್ಟಬೇಕಾದ ಕಡ್ಡಾಯದ ಹಣ ಅವನ ರಾಶಿಯನ್ನು ಕರಗಿಸಿರುತ್ತದೆ. ಬಂದ ಮೇಲೂ ಗೆಲುವು ಖಾತ್ರಿಯಿಲ್ಲ: ಏನೆಂದು ಗೊತ್ತಿಲ್ಲದ ಕೈಯ ಎದುರು ಎಕ್ಕದ ಜೋಡಿ 100ಕ್ಕೆ 85 ಸಲ ಗೆಲ್ಲುತ್ತದೆ, 15 ಸಲ ಇಲ್ಲ.

ಎರಡನೆಯವನು ರೇಗುತ್ತಾನೆ. ನಾಲ್ಕು ಸಲ ಎಲೆ ಎಸೆದು, ಐದನೆಯ ಸಲ ‘ಇವತ್ತು ಇವನಿಗೆ ಬುದ್ಧಿ ಕಲಿಸ್ತೀನಿ’ ಎಂದು ಏಳು, ನಾಲ್ಕು, ಮೂರನ್ನು ಹಿಡಿದುಕೊಂಡು ನುಗ್ಗುತ್ತಾನೆ. ಎಲೆ ನೋಡದವನನ್ನು ಹೆದರಿಸಿ ಓಡಿಸುವುದು ಹೇಗೆ? ಅವನು ಹೆದರಬೇಕಾದರೆ ತನ್ನ ಎಲೆ ಕೆಟ್ಟದ್ದೆಂದು ಅವನಿಗೆ ಗೊತ್ತಿರಬೇಕು. ಅಂಜಿದವನು ಸಣ್ಣಸಣ್ಣದಾಗಿ ಕಳೆದುಕೊಳ್ಳುತ್ತಾನೆ, ರೇಗಿದವನು ಒಂದೇ ಏಟಿಗೆ. ಭಾವ ಇಬ್ಬರಿಂದಲೂ ಗೆಲ್ಲುತ್ತಾನೆ. ಗೆದ್ದು, ತನಗೆ ಆಟ ಬರುತ್ತದೆ ಎಂದು ತಿಳಿಯುತ್ತಾನೆ.

ಮೂರನೆಯವನೊಬ್ಬನ ವಿಷಯವನ್ನು ಯಾರೂ ಹೇಳುವುದಿಲ್ಲ. ಭಾವನೂ ನೀವೂ ಜಗ್ಗಾಡುತ್ತಿರುವಾಗ ಮೂಲೆಯಲ್ಲಿ ಮಾತಿಲ್ಲದೆ ಕೂತು, ಪ್ರತಿ ಸುತ್ತಿಗೂ ದುಪ್ಪಟ್ಟು ತೆತ್ತು, ಎಲೆ ಎಸೆಯದೆ ಇರುವವನು. ಭಾವನ ಕೈ ಏನೋ ಒಂದು. ಇವನ ಕೈ ನೋಡಿ ಇಟ್ಟುಕೊಂಡ ಕೈ. ಗದ್ದಲ ಮಾಡುವವನ ಮೇಲೆ ಎಲ್ಲರ ಕಣ್ಣಿರುವಾಗ ಬೀಜ ಹೋಗುವುದು ಸದ್ದಿಲ್ಲದವನ ಮಡಿಲಿಗೆ. ರಾಜ-ಹತ್ತಿನ ಲೆಕ್ಕ ಇಬ್ಬರೇ ಉಳಿದಾಗಿನದು. ನೋಡಿ ಆಡುವ ಮೂರನೆಯವನು ಕಣದಲ್ಲಿರುವವರೆಗೆ ಆ ಕೈಯನ್ನು ಎಸೆಯುವುದೇ ಸರಿ.

ಪೋಕರಿನಲ್ಲಿ

ಈಗ ಪೋಕರಿಗೆ ಬರೋಣ. ಎಲ್ಲೆಡೆ ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ನಡುನಡುವೆ ನಾಲ್ಕು ಸಲ ಪಣ. ದರದ ಲೆಕ್ಕ ಇಲ್ಲಿ ಇನ್ನೂ ಸರಳ. ನಡುವೆ 600 ಬೀಜ ಇದೆ, ಎದುರಿನವನು ಇನ್ನೂ 600 ಹಾಕಿದ. ನೀವು 600 ಹಾಕಿ ನೋಡಿದರೆ ರಾಶಿ 1,800. ಮೂರು ಸಲಕ್ಕೆ ಒಂದು ಸಲ ಗೆದ್ದರೆ ಸಾಕು. ಅವನು ಹಾಕಿದ್ದು 300 ಆಗಿದ್ದರೆ ನಾಲ್ಕಕ್ಕೆ ಒಂದು ಸಲ. ಕೊನೆಯ ಎಲೆಯೂ ಬಿದ್ದ ಮೇಲೆ ನಿಮ್ಮ ಹತ್ತಿರ ಮಧ್ಯಮ ಜೋಡಿಯೊಂದು ಇದೆ. ಅವನಿಗೆ ನಿಜವಾಗಿ ಏನಾದರೂ ಸಿಕ್ಕಿದ್ದರೆ ಸೋಲುತ್ತೀರಿ, ಸುಳ್ಳಾಡುತ್ತಿದ್ದರೆ ಗೆಲ್ಲುತ್ತೀರಿ. ಆಗ ಉಳಿಯುವುದು ಒಂದೇ ಪ್ರಶ್ನೆ: ಇಂಥ ಜಾಗದಲ್ಲಿ ಇವನ ಮೂರು ಪಣಗಳಲ್ಲಿ ಒಂದಕ್ಕಿಂತ ಹೆಚ್ಚು ಸುಳ್ಳೇ?

ಸರಿಯಾಗಿ ಮೂರಕ್ಕೊಂದು ಸುಳ್ಳಾದರೆ ನೀವು ನೋಡಿದರೂ ಒಂದೇ, ಎಸೆದರೂ ಒಂದೇ. ನುರಿತ ಆಟಗಾರ ಗುರಿಯಿಡುವುದು ಈ ಬಿಂದುವಿಗೇ. ಅತಿ ಆಕ್ರಮಣಕಾರಿ ಈ ಬಿಂದುವನ್ನು ದಾಟಿರುತ್ತಾನೆ. ಅವನ ಪಣಗಳಲ್ಲಿ ಅರ್ಧ ಸುಳ್ಳಾದರೆ ನೀವು ನೋಡಿದ ಪ್ರತಿ ಸಲವೂ ಸರಾಸರಿ 300 ಬೀಜ ಲಾಭ: ಒಂದು ಸಲ 1,200 ಬಂತು, ಒಂದು ಸಲ 600 ಹೋಯಿತು, ಭಾಗಿಸಿ. ಜಾಣ ಉಪಾಯ ಯಾವುದೂ ಬೇಕಿಲ್ಲ. ಸುಮ್ಮನೆ ನೋಡಬೇಕು, ಅಷ್ಟೆ. ಪೋಕರ್ ಕಲಿತವರಿಗೆ ಇದು ಅವಮಾನದಂತೆ ಕಾಣುತ್ತದೆ. ಅಷ್ಟೆಲ್ಲ ಓದಿ ಕೊನೆಗೆ ಮಾಡುವುದು ಇಷ್ಟೆಯೇ? ಇಷ್ಟೇ.

ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ನಿಮ್ಮ ಸುಳ್ಳು ಕಡಿಮೆಯಾಗಬೇಕು, ಯಾಕೆಂದರೆ ಬಿಡದವನ ಮುಂದೆ ಸುಳ್ಳಿಗೆ ಬೆಲೆಯಿಲ್ಲ. ನಿಜವಾದ ಕೈಗೆ ನೀವು ಕೇಳುವ ಹಣ ಹೆಚ್ಚಾಗಬೇಕು, ಯಾಕೆಂದರೆ ಅವನು ಕೊಡುತ್ತಾನೆ. ಬಹಳ ದೊಡ್ಡ ಕೈ ಬಂದಾಗ ಕೆಲವೊಮ್ಮೆ ನೀವು ಹಾಕದೆ ಅವನಿಗೇ ಬಿಟ್ಟುಕೊಡಬೇಕು, ನಿಮಗಾಗಿ ಅವನೇ ರಾಶಿ ಬೆಳೆಸಲಿ ಎಂದು. ಕೂರುವ ಜಾಗದ ವಿಷಯದಲ್ಲಿ ಹಳಬರಲ್ಲೂ ಜಗಳವಿದೆ; ಹೆಚ್ಚಿನವರು ಅವನ ಎಡಕ್ಕೆ ಕೂರಬೇಕು ಅನ್ನುತ್ತಾರೆ. ಆಟ ಎಡಕ್ಕೆ ಸಾಗುವುದರಿಂದ ಅವನು ಏರಿಸಿದ ಮೇಲೆ ಮೊದಲ ಸರದಿ ನಿಮ್ಮದು. ನೀವೂ ಏರಿಸಿದರೆ ಉಳಿದವರು ಚದುರಿ ನೀವಿಬ್ಬರೇ ಉಳಿಯಬಹುದು. ಆಗ ಸಾಧಾರಣ ಕೈಗಳಿಗೂ ಬೆಲೆ ಬರುತ್ತದೆ. ಏನು ಬಂದರೂ ಇದ್ದದ್ದನ್ನೆಲ್ಲ ಮುಂದೆ ತಳ್ಳುವವನ ಎದುರು ಏಳರ ಜೋಡಿ 100ಕ್ಕೆ 66 ಸಲ ಗೆಲ್ಲುತ್ತದೆ. ನಮ್ಮ ರಾಜ-ಹತ್ತಿಗೆ ಪೋಕರಿನಲ್ಲೂ ಒಬ್ಬ ದಾಯಾದಿ ಇದ್ದಾನೆ: ರಾಣಿ-ಏಳು. ಯಾದೃಚ್ಛಿಕ ಕೈಗಳ ಸಾಲಿನಲ್ಲಿ ಅದು ಸುಮಾರಾಗಿ ಮಧ್ಯಕ್ಕೆ ಬರುತ್ತದೆಂದು ಲೆಕ್ಕ ಹಾಕಿ, ಆಟಗಾರರು ಅದಕ್ಕೆ ‘ಕಂಪ್ಯೂಟರ್ ಕೈ’ ಎಂದು ಹೆಸರಿಟ್ಟಿದ್ದಾರೆ.

ಆದರೆ ಆಕ್ರಮಣಕಾರಿಗಳೆಲ್ಲ ಒಂದೇ ಅಚ್ಚಲ್ಲ. ಇಲ್ಲಿ ಆತುರಪಟ್ಟವರು ಕೈ ಸುಟ್ಟುಕೊಳ್ಳುತ್ತಾರೆ. ಒಬ್ಬ ಬಾಯಿಬಡುಕ, ಒಬ್ಬ ಹಟಮಾರಿ. ಬಾಯಿಬಡುಕ ಎಲ್ಲದಕ್ಕೂ ಪಣ ಹಾಕುತ್ತಾನೆ, ಯಾರಾದರೂ ತಿರುಗಿ ಏರಿಸಿದರೆ ಮೆಲ್ಲಗೆ ಎಲೆ ಮಡಚುತ್ತಾನೆ. ಹಟಮಾರಿ ಪಣವನ್ನೂ ಹಾಕುತ್ತಾನೆ, ಬಿಡುವುದೂ ಇಲ್ಲ. ಬಾಯಿಬಡುಕನ ಮೇಲೆ ಆಗೊಮ್ಮೆ ಈಗೊಮ್ಮೆ ಬರಿಗೈಯಲ್ಲೇ ತಿರುಗಿ ಏರಿಸಬಹುದು. ಹಟಮಾರಿಯ ಮೇಲೆ ಅದೇ ಪ್ರಯೋಗ ಮಾಡಿದರೆ ಬೀಜವೂ ಹೋಯಿತು, ಮರ್ಯಾದೆಯೂ ಹೋಯಿತು.

ಇವನು ನಿಜಕ್ಕೂ ಹುಚ್ಚನೋ ಅಥವಾ ಇವತ್ತು ಇವನಿಗೆ ಒಳ್ಳೆಯ ಎಲೆ ಬರುತ್ತಿದೆಯೋ? ಸತತ ನಾಲ್ಕು ಕೈ ಏರಿಸಿದ್ದು ಪುರಾವೆಯಲ್ಲ. ಪುರಾವೆ ಸಿಗುವುದು ಶೋದಲ್ಲಿ, ತಿರುವಿ ಹಾಕಿದ ಎಲೆಯಲ್ಲಿ. ಅದಕ್ಕೇ ಒಳ್ಳೆಯ ಆಟಗಾರ ತಾನು ಎಲೆ ಎಸೆದ ಮೇಲೆ ಫೋನು ತೆಗೆಯುವುದಿಲ್ಲ. ಯಾರದೋ ಶೋದಲ್ಲಿ ಅವನು ಏನು ತೋರಿಸಿದ, ಅದನ್ನು ಹಿಡಿದುಕೊಂಡು ಮೊದಲ ಸುತ್ತಿನಲ್ಲಿ ಎಷ್ಟು ಹಾಕಿದ್ದ ಎಂದು ಗಂಟು ಹಾಕಿಡುತ್ತಾನೆ. ಬೇಕೆಂದೇ ಒಂದು ಗಂಟೆ ಹುಚ್ಚನಂತೆ ಆಡಿ, ಎರಡು ಕೆಟ್ಟ ಕೈ ಎಲ್ಲರಿಗೂ ಕಾಣುವಂತೆ ಸೋತು, ಆಮೇಲೆ ಒಳ್ಳೆಯ ಕೈಗೆ ಮಾತ್ರ ಹಾಕುವ ಖದೀಮರೂ ಇದ್ದಾರೆ. ಎರಡು ಕೆಟ್ಟ ಶೋಗಳ ಬಾಡಿಗೆಯಲ್ಲಿ ಅವರು ಇಡೀ ಸಂಜೆ ದುಡಿಯುತ್ತಾರೆ.

ಗಣಿತಜ್ಞ ಜಾನ್ ಫಾನ್ ನ್ಯೂಮನ್ 1928ರಲ್ಲಿ ಆಟಗಳ ಸಿದ್ಧಾಂತಕ್ಕೆ ತಳಪಾಯ ಹಾಕಿದಾಗಲೇ ಪೋಕರ್ ಅವರ ಮನಸ್ಸಿನಲ್ಲಿತ್ತು. 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ಪುಸ್ತಕದಲ್ಲಿ, ಸುಳ್ಳು ಪಣ ಎನ್ನುವುದು ಸ್ವಭಾವದ ದೋಷವಲ್ಲ, ಒಂದು ಅಳತೆಯಲ್ಲಿ ಆಟಕ್ಕೆ ಬೇಕೇ ಬೇಕಾದದ್ದು ಎಂದು ಅವರು ತೋರಿಸಿದರು. ಅಳತೆ ಮೀರಿದ್ದೇ ಅತಿ. ಆದರೆ ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು 2017ರ ಕಥೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟ್ಯೂಮಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ‘ಲಿಬ್ರಾಟಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರೆದುರು 20 ದಿನಗಳಲ್ಲಿ 1,20,000 ಕೈ ಆಡಿ ಗೆದ್ದಿತು. ಆ ನಾಲ್ವರು ಪ್ರತಿ ರಾತ್ರಿ ಕೂತು ಯಂತ್ರದ ದೌರ್ಬಲ್ಯ ಹುಡುಕುತ್ತಿದ್ದರು. ಯಂತ್ರವೂ ರಾತ್ರಿ ಕೆಲಸ ಮಾಡುತ್ತಿತ್ತು. ಆದರೆ ಅದು ಎದುರಾಳಿಗಳ ದೌರ್ಬಲ್ಯವನ್ನು ಹುಡುಕುತ್ತಿರಲಿಲ್ಲ. ಆ ದಿನ ಎದುರಾಳಿಗಳು ತನ್ನ ಆಟದ ಯಾವ ಕಡೆ ಒತ್ತಿ ನೋಡಿದರೋ ಅಲ್ಲಿನ ತೂತುಗಳನ್ನು ಮುಚ್ಚಿಕೊಳ್ಳುತ್ತಿತ್ತು. ಎದುರಿನವನು ಎಲ್ಲಿ ಒತ್ತುತ್ತಾನೋ ಅಲ್ಲಿ ನಮ್ಮದೊಂದು ತೂತು ಇದ್ದೀತು: ಆಕ್ರಮಣಕ್ಕೆ ಯಂತ್ರದ ಉತ್ತರ ಇದು. ಮನುಷ್ಯನಾಗಿದ್ದರೆ ಸೇಡಿಗೆ ಹೊರಡುತ್ತಿದ್ದ.

ಗೆರೆ ಕೆಳಗಿಳಿಸಿದವನಿಗೂ ಒಂದು ಅಪಾಯವುಂಟು. ಸಡಿಲ ಕೈಗಳಿಂದ ನೋಡತೊಡಗಿದರೆ, ನಿಮ್ಮ ಸಡಿಲವನ್ನು ಮೇಜಿನ ಉಳಿದವರು ಗಮನಿಸುತ್ತಾರೆ. ಜೊತೆಗೆ ಏರಿಳಿತ. 100ಕ್ಕೆ 60 ಗೆಲ್ಲುವ ಕೈಯನ್ನು ಹಿಡಿದೂ ಸತತ ಮೂರು ಸಲ ಸೋಲುವ ಸಂಭವ 100ಕ್ಕೆ ಆರರಷ್ಟಿದೆ. ಒಂದೇ ಸಂಜೆಯಲ್ಲಿ ಹಾಗೆ ಆದರೆ ಅದು ಲೆಕ್ಕ ತಪ್ಪಿದ್ದಕ್ಕಲ್ಲ. ಕೂರುವ ಮೊದಲೇ ಇವತ್ತಿಗೆ ಇಷ್ಟೇ ಬೀಜ ಎಂದು ಎಣಿಸಿಟ್ಟುಕೊಂಡವನಿಗೆ ಮಾತ್ರ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಅರಮನೆಯ ಎಲೆ, ಹಾಸ್ಟೆಲಿನ ಎಲೆ

ಮೈಸೂರಿಗೆ ಇಸ್ಪೀಟಿನ ವಿಷಯದಲ್ಲಿ ತನ್ನದೇ ಹೆಮ್ಮೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರಿಗೆ ಆಟಗಳ ಗೀಳು. ಕುದುರೆ ನಡೆಯಲ್ಲಿ ಚದುರಂಗದ ಮನೆಗಳನ್ನೆಲ್ಲ ಒಂದೊಂದೇ ಸಲ ಮುಟ್ಟುವ ಸಮಸ್ಯೆಗಳನ್ನು ಬಿಡಿಸಿದವರು ಅವರು. ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಗಂಜೀಫಾ ಎಲೆಗಳ ಹೊಸ ಹೊಸ ಕಟ್ಟುಗಳನ್ನು ‘ಚದ’ ಎಂಬ ಹೆಸರಿನಲ್ಲಿ ವಿವರಿಸಿದ್ದಾರೆ. ಚಾಮುಂಡೇಶ್ವರಿ ಚದಕ್ಕೆ 320 ಎಲೆ, ಜಗನ್ಮೋಹನ ಚದಕ್ಕೆ 360. ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳಲ್ಲಿ ಹಳೆಯ ಆಟದ ಹಾಸುಗಳನ್ನೂ ಎಲೆಗಳನ್ನೂ ಜನರ ಮುಂದಿಡುತ್ತ ಬಂದಿದ್ದಾರೆ. ಗಂಜೀಫಾ ಪಟ್ಟು ಗೆಲ್ಲುವ ಆಟ. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬ ನೆನಪೇ ಅಲ್ಲಿ ಬಲ. ಇಲ್ಲದ್ದನ್ನು ಇದೆ ಎಂದು ನಂಬಿಸಲು ಜಾಗ ಕಡಿಮೆ. 360 ಎಲೆಯ ಆಟದಲ್ಲಿ ಬ್ಲೈಂಡ್ ಭಾವ ಏನು ಮಾಡುತ್ತಿದ್ದನೋ!

ಇಪ್ಪತ್ತೆಂಟು ಆಟದಲ್ಲಾದರೆ ಅವನಿಗೆ ಜಾಗವುಂಟು. ಕೇರಳ, ಕೊಡಗಿನ ಹುಡುಗರಿರುವ ಮೈಸೂರಿನ ಹಾಸ್ಟೆಲುಗಳಲ್ಲಿ ಚೆನ್ನಾಗಿ ಗೊತ್ತಿರುವ ಆಟ: 32 ಎಲೆ, ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕ ಮತ್ತು ಹತ್ತಕ್ಕೆ ಒಂದೊಂದು, ನಾಲ್ಕು ಬಣ್ಣ ಸೇರಿ 28. ಎಷ್ಟು ಅಂಕ ಮಾಡುತ್ತೇವೆಂದು ಮೊದಲೇ ಕೂಗಬೇಕು. ಇಲ್ಲಿ ಕೂಗುಮಾರಿಗೆ ಮದ್ದು ಬಹಳ ಸುಲಭ. ಹದಿನೆಂಟಕ್ಕೆ ಸಲ್ಲುವ ಕೈಯಲ್ಲಿ ಅವನು ಇಪ್ಪತ್ತು ಕೂಗಿದರೆ ನೀವು ಇಪ್ಪತ್ತೊಂದು ಕೂಗುವುದಲ್ಲ, ಬಾಯಿ ಮುಚ್ಚಿಕೊಳ್ಳುವುದು. ಆಟ ಅವನದು, ಹೊರೆ ಅವನದು. ನಿಮಗೂ ಜೊತೆಗಾರನಿಗೂ ಒಂಬತ್ತು ಅಂಕ ಸಿಕ್ಕರೆ ಅವನು ಬಿದ್ದ. ಮೂರೆಲೆಯಲ್ಲಿ ಎದ್ದು ಹೋಗದಿರುವುದು ಸರಿಯಾದರೆ ಇಪ್ಪತ್ತೆಂಟರಲ್ಲಿ ಬಿಟ್ಟುಕೊಡುವುದು ಸರಿ. ಎರಡರಲ್ಲೂ ಅವನ ತಪ್ಪಿನ ಬೆಲೆಯನ್ನು ಅವನೇ ತೆರುವ ಹಾಗೆ ನೋಡಿಕೊಂಡದ್ದಾಯಿತು.

ಕಾನೂನಿನ ಮಾತು

ಮೇಲೆ ಎಲ್ಲ ಕಡೆ ಹುಣಸೆ ಬೀಜ ಎಂದು ಬರೆದದ್ದು ಸುಮ್ಮನಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಜೂಜು ಅಪರಾಧ. ಕೌಶಲದ ಆಟಗಳಿಗೆ ವಿನಾಯಿತಿ. ಯಾವುದು ಕೌಶಲ ಎಂಬುದರ ಸುತ್ತ ನ್ಯಾಯಾಲಯಗಳು ದಶಕಗಳಿಂದ ಮಾತಾಡುತ್ತಿವೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. ಅದೇ ತೀರ್ಪಿನಲ್ಲಿ, ಫ್ಲಶ್ ಮೊದಲಾದ ಹೆಸರುಗಳಿರುವ ಮೂರೆಲೆಯನ್ನು ಬರೀ ಅದೃಷ್ಟದ ಆಟ ಎಂದು ಬದಿಗಿಟ್ಟಿತು. ಎಲೆ ಬೀಳುವುದು ಅದೃಷ್ಟವೇ; ಬಿದ್ದ ಎಲೆಗೆ ಬೆಲೆ ಕಟ್ಟುವುದೂ ಅದೃಷ್ಟವೇ ಎಂದು ರಾಜ-ಹತ್ತಿನ ಲೆಕ್ಕ ಹಾಕಿದವನಿಗೆ ಅನುಮಾನ ಬರಬಹುದು. ಬರಲಿ. ತೀರ್ಪು ಕಾನೂನು, ಅನುಮಾನ ಹರಟೆ. 1996ರಲ್ಲಿ ಕುದುರೆ ಜೂಜನ್ನು ಕೌಶಲದ ಸಾಲಿಗೆ ಸೇರಿಸಿದ್ದೂ ಸುಪ್ರೀಂ ಕೋರ್ಟೇ; ಹಾಗಾಗಿ ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸಿನಲ್ಲಿ ಟಿಕೆಟ್ ಕೊಂಡು ಪಣ ಕಟ್ಟುವವನು ನಾಗರಿಕ, ತಪ್ಪಲಿನ ತೋಟದಲ್ಲಿ ಮೂರೆಲೆಗೆ ಹಣ ಇಟ್ಟವನು ಆರೋಪಿ.

ಪೋಕರಿನ ಹಾದಿ ಇನ್ನೂ ಅಂಕುಡೊಂಕು. ಇಂಡಿಯನ್ ಪೋಕರ್ ಅಸೋಸಿಯೇಷನ್ ಹೂಡಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2013ರಲ್ಲಿ, ಕೌಶಲದ ಆಟವಾಗಿ ಆಡುವುದಾದರೆ ಪೋಕರಿಗೆ ಪರವಾನಗಿ ಬೇಕಿಲ್ಲ ಎಂದಿತು. 2021ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂದು ನೋಡದೆ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ಮಾಡಿತು: ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೇ ಇರಲಿ, ಕೌಶಲದ್ದೇ ಆಗಿರಲಿ, ಇಡೀ ದೇಶದಲ್ಲಿ ನಿಷಿದ್ಧ. ಫೋನಿನಲ್ಲಿ ಮನೆ ಕಳೆದುಕೊಂಡವರ ಕಥೆಗಳನ್ನು ಕೇಳಿದವರಿಗೆ ಇದು ಕಟುವೆನಿಸಲಿಕ್ಕಿಲ್ಲ. ಫೋನಿನೊಳಗೆ ಎದುರಾಳಿಯ ಮುಖವಿಲ್ಲ, ಕೈ ಮುಗಿದ ಮೇಲೆ ತಿರುವಿ ನೋಡುವ ತಂಟೆಕೋರ ನೆಂಟನಿಲ್ಲ, “ಸಾಕು ಏಳ್ರೋ, ಕಾಫಿ ಆಯ್ತು” ಎಂದು ಕೂಗುವ ಅತ್ತೆಯೂ ಇಲ್ಲ. ಇಲ್ಲಿ ಹೇಳಿದ ಗಮನಿಸುವಿಕೆ ಎಂಬುದು ಚಾಪೆಯ ಮೇಲಿನ ವಿದ್ಯೆ.

ಮತ್ತೆ ಚಾಪೆಯ ಮಾತೇ ಬಂದದ್ದರಿಂದ, ಬ್ಲೈಂಡ್ ಭಾವನ ಎದುರು ಚೆನ್ನಾಗಿ ಆಡುತ್ತಿದ್ದವರೂ ಎಡವುವ ಜಾಗವೊಂದನ್ನು ಹೇಳಿಬಿಡಬೇಕು. ಆಟ ಒಂಬತ್ತು ಸುತ್ತು ನಡೆದಿದೆ. ನೀವು ಎಕ್ಕ-ಗುಲಾಮ ಹಿಡಿದು ನೆಮ್ಮದಿಯಾಗಿ ದುಪ್ಪಟ್ಟು ಹಾಕುತ್ತಿದ್ದೀರಿ. ಭಾವ ಇದ್ದಕ್ಕಿದ್ದಂತೆ ಮೊಬೈಲ್ ಸರಿಸಿ ಮೂರೂ ಎಲೆ ಎತ್ತಿ ನೋಡುತ್ತಾನೆ. ನೋಡಿ, ಎಸೆಯದೆ, ಈಗ ಅವನೂ ಎರಡು ಬೀಜ ಹಾಕುತ್ತಾನೆ. ಇಷ್ಟು ಹೊತ್ತು ದುಪ್ಪಟ್ಟು ತೆತ್ತದ್ದಕ್ಕೆ ಸೇಡೆಂದು ನೀವೂ ಹಾಕುತ್ತೀರಿ. ಆದರೆ ಎದುರಿನ ಮನುಷ್ಯ ಬದಲಾಗಿಬಿಟ್ಟ. ಒಂಬತ್ತು ಸುತ್ತು 22,100 ಕೈಗಳಲ್ಲಿ ಯಾವುದಾದರೂ ಆಗಬಹುದಾಗಿದ್ದ ಅವನ ಕೈ ಈಗ ನೋಡಿ ಉಳಿಸಿಕೊಂಡ ಕೈ. ಅವನೂ ನಿಮ್ಮಂತೆಯೇ ಎಕ್ಕ-ಗುಲಾಮಕ್ಕಿಂತ ಕೆಳಗಿನದನ್ನು ಎಸೆಯುವವನಾದರೆ, ಉಳಿದ ಕೈಗಳ ಪಟ್ಟಿಯ ತೀರಾ ತಳದಲ್ಲಿ ಇರುವುದು ನಿಮ್ಮದೇ. ಆ ಪಟ್ಟಿಯಲ್ಲಿ ಮಧ್ಯದ ಕೈ ಎಂಟು ಅಥವಾ ಒಂಬತ್ತರ ಜೋಡಿ. ಗೆರೆ ರಾಜ-ಹತ್ತಿನಿಂದ ಅಲ್ಲಿಗೆ ಏರಿತು, ಅದೂ ಅವನು ಎಲೆ ಎತ್ತಿದ ಅರೆಕ್ಷಣದಲ್ಲಿ. ಇನ್ನು ಅವನನ್ನು ಶೋ ಕೇಳಬಹುದು, ಕೇಳುವುದಕ್ಕೆ ಎರಡು ಬೀಜ ಸಾಕು. ರಾಶಿ ದೊಡ್ಡದಿದ್ದರೆ ಆ ಎರಡನ್ನು ಕೊಟ್ಟು ನೋಡುವುದರಲ್ಲಿ ತಪ್ಪಿಲ್ಲ. ಮೂರನೆಯ ಬೀಜ ಮಾತ್ರ ಬೇಡ.